ಸುಳ್ಳುಮೀನು ಮುಟ್ಟದ ತಳ

ಕಾಮಸಮುದ್ರ
2 ಅಕ್ಟೋಬರ್ 2022, ಭಾನುವಾರ

ಶ್ರೀನಿವಾಸಪ್ಪ ಮಾವನವರಿಗೆ,

ಕವರಿನ ಹಿಂಬದಿಯಲ್ಲಿ ನನ್ನ ಹೆಸರು ನೋಡಿ ಒಡೆಯದೆ ಇಟ್ಟುಬಿಡಬೇಡಿ. ಮದುವೆಯ ವಿಚಾರ ಬರೆಯಲು ಕೂತಿಲ್ಲ. ನೀವು ಊರಿಗಾಂ ಮನೆ ಖಾಲಿ ಮಾಡಿ ಹಟ್ಟಿಗೆ ಹೊರಟಾಗ ನಮ್ಮ ಅಟ್ಟದ ಮೇಲೆ ಇಟ್ಟುಹೋದ ಗಾಳದ ಕೋಲಿನ ವಿಚಾರ.

ಹಂಚು ಸರಿಮಾಡಲು ಅಟ್ಟ ಹತ್ತಿದಾಗ ಸಿಕ್ಕಿತು. ಕೋಲು ಗೋಣಿಚೀಲದಲ್ಲಿ ಸುತ್ತಿದ ಹಾಗೇ ಇದೆ. ರೀಲಿಗೆ ಎಣ್ಣೆ ಬಿಟ್ಟೆ, ತಿರುಗುತ್ತದೆ. ಬಿಸ್ಕತ್ತಿನ ಡಬ್ಬಿಯಲ್ಲಿ ನೀವು ಕೆತ್ತಿದ ಮರದ ಮೀನುಗಳಿವೆ. ಅಂಗಡಿಯಲ್ಲಿ ಇದಕ್ಕೆ ಲೂರ್ ಅನ್ನುತ್ತಾರಂತೆ. ನೀವು ಸುಳ್ಳುಮೀನು ಅನ್ನುತ್ತಿದ್ದುದು ನನಗೆ ನೆನಪಿದೆ. ಒಂದಕ್ಕೆ ಬಾಯಿಯ ಹತ್ತಿರ ಗಿಡ್ಡ ತಗಡಿನ ನಾಲಿಗೆ, ಇನ್ನೊಂದಕ್ಕೆ ಉದ್ದ ನಾಲಿಗೆ, ಕೆಂಪು ಬಣ್ಣದ್ದಕ್ಕೆ ನಾಲಿಗೆಯೇ ಇಲ್ಲ. ಯಾವುದು ಯಾವುದಕ್ಕೆ ಎಂದು ಹೇಳುವವರು ಇಲ್ಲಿ ಯಾರೂ ಇಲ್ಲ.

ಈ ಸಲ ಮಳೆ ಚೆನ್ನಾಗಿ ಆಗಿ ಹೊಳೆ ಹರಿಯುತ್ತಿದೆ. ದುಂಡುಬಂಡೆಯ ತಿರುವಿನಲ್ಲಿ ದೊಡ್ಡ ಕೊರಮೀನು ಉಸಿರಿಗೆ ಮೇಲೆ ಬಂದು ಹೋಗುವುದನ್ನು ನಾನೇ ಕಂಡೆ. ಭಾನುವಾರ ನನಗೆ ರಜೆ. ಉಳಿದ ದಿನ ಬೆಳಗ್ಗೆ ಹಾಲು ಹಾಕಿ, ಮಾಲೂರಿನ ಕಾರ್ಖಾನೆಗೆ ಟ್ರೈನು. ಟ್ರೈನಿನಲ್ಲಿ ಜೊತೆಗೆ ಬರುವವನು ವೇಣು, ನಿಮ್ಮ ಜೊತೆ ಗಣಿಯಲ್ಲಿದ್ದ ಸೆಲ್ವರಾಜ್ ಅವರ ಮಗ. ಅವನು ಈಗಲೂ ಊರಿಗಾಂ ಲೈನಿನ ಮನೆಯಲ್ಲೇ ಇದ್ದಾನೆ. ಡಬ್ಬಿ ತೋರಿಸಿದರೆ, "ಇದೆಲ್ಲ ಗೊಂಬೆ ಮಚ್ಚಾ, ಮೀನೇನ್ ಬಾಲವಾಡಿಗೆ ಓಗ್ತದಾ?" ಎಂದ. ಆದರೂ ಭಾನುವಾರ ಬಂದು ಕೂತ.

ಹೊಳೆಗೆ ಹೋಗುವ ದಾರಿ ಈಗ ಅಗಲವಾಗಿದೆ. ಮೊದಲಿನ ಹಾಗೆ ಜಾಲಿ ಸರಿಸಿಕೊಂಡು ಹೋಗಬೇಕಾಗಿಲ್ಲ.

ನನ್ನ ಫೋನ್ ನಂಬರ್ ಕೆಳಗೆ ಬರೆದಿದ್ದೇನೆ. ನಿಮಗೆ ಕಿವಿ ಪೂರ್ತಿ ಹೋಗಿದೆ ಎಂದು ಗೊತ್ತು. ಯಾರ ಕೈಲಾದರೂ ಮಾಡಿಸಬಹುದು.

ಅಮ್ಮ ಚೆನ್ನಾಗಿದ್ದಾಳೆ.

ಸುಧಾಕರ್


ಹಟ್ಟಿ
10 ಅಕ್ಟೋಬರ್ 2022

ಸುಧಾಕರ,

ನಿನ್ನ ಕಾಗದ ಪೋಸ್ಟ್‌ಮ್ಯಾನ್ ನನ್ನ ಕೈಗೇ ಕೊಟ್ಟ. ಅದೃಷ್ಟ. ಶಶಿರೇಖ ಪಾಠ ಮಾಡಲು ಶಾಲೆಗೆ ಹೋಗಿದ್ದಳು. ಇನ್ನು ಮುಂದೆ ಮನೆಯ ವಿಳಾಸ ಹಾಕಬೇಡ. ನನ್ನ ಹೆಸರು, ಹಟ್ಟಿ ಪೋಸ್ಟ್ ಆಫೀಸು ಎಂದಷ್ಟೇ ಬರೆ. ನಾನೇ ಹೋಗಿ ತರುತ್ತೇನೆ. ನಂಬರ್ ಇದ್ದ ಭಾಗ ಹರಿದು ಒಲೆಗೆ ಹಾಕಿದೆ. ಅಕ್ಕನ ಮಗನಿಗೇ ಎಂದು ಹುಟ್ಟಿದಾಗಿನಿಂದ ಹೇಳಿ ಬೆಳೆಸಿದ ಹುಡುಗಿ. ನೀನು ಬೇರೆ ಕಡೆ ಮಾಡಿಕೊಂಡೆ. ಅವಳು ಅದರ ಬಗ್ಗೆ ಮಾತಾಡುವುದಿಲ್ಲ, ನಾನು ಕೇಳುವುದಿಲ್ಲ. ನಿಮ್ಮ ಮನೆಯ ಹೆಸರು ಈ ಮನೆಯಲ್ಲಿ ಎತ್ತುವ ಹಾಗಿಲ್ಲ ಎಂದು ಒಂದೇ ಸಲ ಹೇಳಿದಳು. ಅದನ್ನು ನಾನು ಮೀರಿಲ್ಲ, ಈ ಕಾಗದ ಬಿಟ್ಟು.

ಕೋಲಿನ ವಿಚಾರ ಕೇಳಿದ್ದೀಯ, ಅಷ್ಟಕ್ಕೆ ಉತ್ತರ.

ನಾಲಿಗೆ ಇಲ್ಲದ್ದು ನೀರಿನ ಮೇಲೆ ಓಡುತ್ತದೆ. ಗಿಡ್ಡ ನಾಲಿಗೆಯದು ಮೊಣಕಾಲುದ್ದ ಮುಳುಗುತ್ತದೆ. ಉದ್ದ ನಾಲಿಗೆಯದು ಎಳೆದಷ್ಟೂ ಕೆಳಗೆ ಇಳಿಯುತ್ತದೆ, ಎತ್ತರದ ಆಳು ಮುಳುಗುವಷ್ಟು. ಎಳೆಯುವುದು ನಿಲ್ಲಿಸಿದರೆ ಮೂರೂ ತಾವಾಗಿ ತೇಲುತ್ತವೆ. ಮರ ತಾನೆ.

ಹೊಳೆಗೆ ಅಡ್ಡವಾಗಿ, ಸ್ವಲ್ಪ ಮೇಲ್ಗಡೆಗೆ ಎಸೆ. ನೀರಿನ ಜೊತೆ ಕೆಳಗೆ ಬರುವಾಗ ನೀರಿಗಿಂತ ತುಸು ಜೋರಾಗಿ ರೀಲು ಸುತ್ತು, ಇಲ್ಲದಿದ್ದರೆ ಅದು ಸತ್ತ ಎಲೆ. ಕೋಲಿನ ತುದಿ ನೀರಿನ ಕಡೆಗೆ ಇಳಿದಿರಲಿ. ತುದಿ ಎತ್ತಿದಷ್ಟೂ ಸುಳ್ಳುಮೀನು ಮೇಲೆ ಬರುತ್ತದೆ, ಇಳಿಸಿದಷ್ಟೂ ಕೆಳಗೆ ಹೋಗುತ್ತದೆ. ಸರಿಯಾಗಿ ಈಜುತ್ತಿದ್ದರೆ ಕೋಲು ನಿನ್ನ ಅಂಗೈಯಲ್ಲಿ ಮಿಡಿಯುತ್ತದೆ, ಗುಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. ಮೊದಲು ಆ ಮಿಡಿತ ಕಲಿ. ಮೀನು ಆಮೇಲೆ.

ಸೆಲ್ವರಾಜನ ಮಗನಿಗೆ ಹೇಳು, ಬೀಡಿ ಸೇದಿದ ಕೈಯಲ್ಲಿ ಸುಳ್ಳುಮೀನು ಮುಟ್ಟಬಾರದು. ಅಪ್ಪನ ಹಾಗೇ ಇದ್ದರೆ ಸೇದುತ್ತಾನೆ.

ಕೋಲನ್ನು ಬೇರೆಯವರ ಕೈಗೆ ಕೊಡಬೇಡ.

ಶ್ರೀನಿವಾಸಪ್ಪ


ಕಾಮಸಮುದ್ರ
16 ಅಕ್ಟೋಬರ್ 2022, ಭಾನುವಾರ

ಮಾವನವರಿಗೆ,

ನೀವು ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಅಮ್ಮನಿಗೆ ಕಾಗದ ತೋರಿಸಲಿಲ್ಲ. ಅಕ್ಷರ ನೋಡಿದರೆ ಅಳುತ್ತಾಳೆ ಅಥವಾ ಬೈಯುತ್ತಾಳೆ, ಎರಡರಲ್ಲಿ ಯಾವುದೋ ಹೇಳಲಾರೆ.

ಇವತ್ತು ಬೆಳಗ್ಗೆಯೆಲ್ಲ ಗಿಡ್ಡ ನಾಲಿಗೆಯದನ್ನು ಎಸೆದೆ. ಮೊದಲು ನಾಲ್ಕೈದು ಸಲ ಹೊಂಗೆಮರದ ಕೊಂಬೆಗೆ ಹೋಯಿತು. ವೇಣು ಬಂಡೆಯ ಮೇಲೆ ಕಾಲು ಚಾಚಿ ಮಲಗಿ, "ಕೊರಮೀನು ಮರದ ಮೇಲೆ ಗೂಡು ಕಟ್ಟಿದ್ಯಾ ಮಚ್ಚಾ, ನೋಡ್ಕಂಡು ಒಡಿ," ಎಂದ. ಆಮೇಲೆ ನೀರಿಗೆ ಬಿತ್ತು. ತುದಿ ಇಳಿಸಿ ಸುತ್ತಿದೆ. ಮಿಡಿತ ಸಿಕ್ಕಿತು. ಒಂದು ಹೊತ್ತು ಸುಮ್ಮನೆ ಅದನ್ನೇ ಕೇಳುತ್ತಾ ನಿಂತೆ. ಕೇಳುತ್ತಾ ಎಂದು ಬರೆಯುವುದು ತಪ್ಪೋ ಏನೋ.

ವೇಣುವೂ ಒಂದು ಸಲ ನೋಡುತ್ತೇನೆ ಎಂದ. ನೀವು ಬೇಡ ಎಂದಿದ್ದೀರಿ ಎಂದೆ. "ನಿಮ್ ಮಾವ ಹಟ್ಟಿಲಿ ಕೂತು ಇಲ್ಲಿ ಕೋಲು ಕಾಯ್ತಾರಾ? ದೊಡ್ ಮನ್ಸಪ್ಪಾ," ಎಂದು ನಕ್ಕ. ಅವನ ಅಪ್ಪ ತೀರಿಹೋಗಿ ಆರು ವರ್ಷವಾಯಿತು, ಎದೆಯಲ್ಲಿ ಗಣಿಯ ಧೂಳು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅವನ ತಾಯಿ ಕದಿರಮ್ಮ ನಿಮ್ಮನ್ನು ಕೇಳಿದರಂತೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ನೀವು ಸೆಲ್ವರಾಜ್ ಜೊತೆ ಮೀನು ಮಾರುವವರ ಹತ್ತಿರ ಜಗಳವಾಡಿದ ಕಥೆ ಈಗಲೂ ಹೇಳುತ್ತಾರಂತೆ.

ಮುಂದಿನದು ಬರೆಯಿರಿ. ಆ ದೊಡ್ಡ ಮೀನು ಗಿಡ್ಡ ನಾಲಿಗೆಯ ಹಿಂದೆ ಒಂದು ಸಲ ಬಂದು ತಿರುಗಿತು. ಮುಟ್ಟಲಿಲ್ಲ.

ಸುಧಾಕರ್


ಹಟ್ಟಿ
24 ಅಕ್ಟೋಬರ್ 2022

ಸುಧಾಕರ,

ಸೆಲ್ವರಾಜ್ ಹೋದದ್ದು ನಿನ್ನಿಂದ ಗೊತ್ತಾಯಿತು. ಪೋಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಓದಿದೆ. ಕದಿರಮ್ಮನಿಗೆ ನಾನು ಕೇಳಿದೆ ಎಂದು ಹೇಳಿಸು. ಮಗನಿಗೆ ಕೋಲು ಹಿಡಿಯುವ ಆಸೆ ಇದ್ದರೆ ಹಿಡಿಯಲಿ, ನೀನು ಪಕ್ಕದಲ್ಲಿ ಇದ್ದಾಗ ಮಾತ್ರ.

ಮೀನು ಹಿಂದೆ ಬಂದು ತಿರುಗಿದರೆ ನಿನ್ನ ಸುಳ್ಳುಮೀನು ಒಂದೇ ಸಮ ಓಡುತ್ತಿದೆ ಎಂದರ್ಥ. ಹೆದರಿದ ಮೀನು ಒಂದೇ ಸಮ ಓಡುವುದಿಲ್ಲ. ಸುತ್ತು, ನಿಲ್ಲು. ಮಣಿಕಟ್ಟಿನಿಂದ ಕೋಲಿನ ತುದಿಯನ್ನು ಕೆಳಕ್ಕೆ ಚುರುಕಾಗಿ ಎಳೆ, ತಕ್ಷಣ ಮುಂದಕ್ಕೆ ಬಿಟ್ಟುಕೊಡು. ತಂಗೂಸಿ ದಾರ ಸಡಿಲವಾಗಬೇಕು. ಸಡಿಲ ಸಿಗದಿದ್ದರೆ ಅದು ಪಕ್ಕಕ್ಕೆ ಹೊರಳುವುದಿಲ್ಲ. ಎಳೆ, ಬಿಡು, ಎಳೆ, ಬಿಡು, ಆಮೇಲೆ ಸುಮ್ಮನಿರು. ಹೆಚ್ಚಾಗಿ ಸುಮ್ಮನಿದ್ದಾಗಲೇ ಹಿಡಿಯುತ್ತದೆ. ಹಿಡಿದಾಗ ಕೋಲು ಮೇಲಕ್ಕೆ ಕಿತ್ತುಕೊಳ್ಳಬೇಡ, ಪಕ್ಕಕ್ಕೆ ಬೀಸು.

ಇನ್ನು ತಳದ ವಿಚಾರ. ಉದ್ದ ನಾಲಿಗೆಯದನ್ನು ತಳಕ್ಕೆ ತಾಗಿಸಿ ಎಳೆಯಬೇಕು. ತಾಗಿದ್ದು ಏನೆಂದು ಕೋಲು ಹೇಳುತ್ತದೆ. ಮರಳು ಕರಕರ ಎನ್ನುತ್ತದೆ. ಬಂಡೆ ಒಂದೇ ಏಟು. ಪಾಚಿಯಾದರೆ ಮಿಡಿತ ಮಂಕಾಗಿ ಸಾಯುತ್ತದೆ. ಒಂದು ಸಲ ನನ್ನ ಗಾಳಕ್ಕೆ ಯಾರೋ ಒಗೆಯುವಾಗ ಬಿಟ್ಟ ಸೀರೆ ಸಿಕ್ಕಿತ್ತು. ಬಟ್ಟೆಯ ಗುಣ ಬೇರೆ: ಮಿಡಿತ ನಿಲ್ಲುತ್ತದೆ, ಎಳೆದಷ್ಟೂ ಭಾರ ಹೆಚ್ಚುತ್ತದೆ, ಆದರೆ ಎದುರಿಗೆ ಎಳೆಯುವುದಿಲ್ಲ. ಏನೇ ಆಗಲಿ, ತುದಿ ನಿಂತ ಕೂಡಲೆ ಜಗ್ಗಬೇಡ. ಕಾಯಿ. ಏನೆಂದು ಗೊತ್ತಾದ ಮೇಲೆ ಎಳೆ.

ತಿರುವಿನ ಚಿತ್ರ ಈ ಹಾಳೆಯ ಹಿಂಬದಿಗೆ ಬರೆದಿದ್ದೇನೆ. ದುಂಡುಬಂಡೆಯಿಂದ ಎದುರು ದಡದ ಹೊಂಗೆಮರಕ್ಕೆ ನೇರ ಗೆರೆ ಎಳೆದುಕೊ. ಆ ಗೆರೆಯ ನಡುವೆ ನೀರಿನೊಳಗೆ ಮರಳಿನ ದಿಬ್ಬವಿದೆ. ಎಂಥ ಮಳೆಗಾಲದಲ್ಲೂ ಅಲ್ಲಿ ಸೊಂಟಕ್ಕಿಂತ ಆಳವಿಲ್ಲ. ದಿಬ್ಬ ದಾಟಿ ನೀರು ಹರಿಯುವ ಕೆಳಗಡೆಗೆ ಕೊರಮೀನು ಮರಿ ಮಾಡುವ ಜಾಗ.

ಅಕ್ಕ ಚೆನ್ನಾಗಿದ್ದಾಳೆ ಎಂದು ಒಂದು ಸಾಲು ಬರೆದಿದ್ದೆ. ಇನ್ನೊಂದು ಸಾಲು ಬರೆದರೆ ಕೈ ನೋಯುವುದಿಲ್ಲ.

ಶ್ರೀನಿವಾಸಪ್ಪ


ಕಾಮಸಮುದ್ರ
6 ನವೆಂಬರ್ 2022, ಭಾನುವಾರ

ಮಾವನವರಿಗೆ,

ಹೋದ ವಾರ ಒಂದು ಸಿಕ್ಕಿತು. ಮೊಳದಷ್ಟು. ಎಳೆದು, ಬಿಟ್ಟು, ಸುಮ್ಮನಿದ್ದೆ, ಆಗಲೇ ಹಿಡಿಯಿತು. ನನ್ನ ಹೆಂಡತಿ ಚಂದನ ಸಾರು ಮಾಡಿದಳು. ಅಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಒಂದು ತುತ್ತು ತಿಂದು, "ಇದು ಆ ತಿರುವಿನ ಮೀನು ಕಣ್ಲಾ. ನಮ್ ಸೀನಪ್ಪ ತತ್ತಿದ್ನಲ್ಲಾ, ಅದೇ ರುಚಿ," ಎಂದಳು. ಮುಳ್ಳು ತೆಗೆಯುವ ನೆವದಲ್ಲಿ ತಲೆ ಬಗ್ಗಿಸಿಕೊಂಡಳು. ಅಮ್ಮನ ಮಂಡಿ ನೋವು ಜಾಸ್ತಿಯಾಗಿದೆ. ಹಸು ಕರೆಯಲು ಕೂರಲಾಗುವುದಿಲ್ಲ. ಇದು ನೀವು ಕೇಳಿದ ಇನ್ನೊಂದು ಸಾಲು.

ದೊಡ್ಡದು ಅಲ್ಲೇ ಇದೆ. ಅದು ನಿಮ್ಮ ದಿಬ್ಬದ ಕಡೆಯಿಂದಲೇ ಮೇಲೆ ಬರುತ್ತದೆ. ವೇಣು ಅದಕ್ಕೆ ಫೋರ್‌ಮನ್ ಎಂದು ಹೆಸರಿಟ್ಟಿದ್ದಾನೆ, ಮೇಲೆ ಬಂದು ಎಲ್ಲರನ್ನೂ ನೋಡಿ ಒಳಗೆ ಹೋಗುತ್ತದೆ ಎಂದು.

ಒಂದು ತೊಂದರೆ. ಉದ್ದ ನಾಲಿಗೆಯದು ತಳ ಮುಟ್ಟುತ್ತಿಲ್ಲ. ದುಂಡುಬಂಡೆಯ ಮೇಲೆ ನಿಂತು ಹೊಂಗೆಮರದ ಗೆರೆಯಲ್ಲೇ ಎಸೆಯುತ್ತೇನೆ. ಮಿಡಿತ ಚೆನ್ನಾಗಿ ಬರುತ್ತದೆ, ಆದರೆ ಕರಕರ ಎನ್ನುವುದೇ ಇಲ್ಲ. ಎಸೆದ ಜಾಗದಿಂದ ಬಂಡೆಯ ಬುಡದವರೆಗೂ ಬರೀ ಮಿಡಿತ. ಎಲ್ಲಿ ತಪ್ಪುತ್ತಿದ್ದೇನೆ ಗೊತ್ತಾಗುತ್ತಿಲ್ಲ. ಮರಳಿಗೆ ಮಣಲು ಅನ್ನುವ ವೇಣು, "ಮಣಲು ರಜಾ ಹಾಕ್ಬಿಟ್ಟಿದೆ," ಎನ್ನುತ್ತಾನೆ.

ಸುಧಾಕರ್


ಹಟ್ಟಿ
13 ನವೆಂಬರ್ 2022

ಸುಧಾಕರ,

ಸೀನಪ್ಪ ಎಂದು ಕರೆಯುವವಳು ಅವಳೊಬ್ಬಳೇ. ಮಂಡಿಗೆ ಹರಳೆಣ್ಣೆ ಬಿಸಿಮಾಡಿ ಹಚ್ಚಲು ಹೇಳು. ನಾನು ಹೇಳಿದೆ ಎನ್ನಬೇಡ.

ನಿನ್ನ ತಪ್ಪು ನನಗೆ ಇಲ್ಲಿಂದಲೇ ಕಾಣುತ್ತದೆ. ಬಂಡೆಯ ಮೇಲೆ ನಿಂತರೆ ನೀನು ಎತ್ತರದಲ್ಲಿರುತ್ತೀಯ. ಕೋಲಿನ ತುದಿ ಇಳಿಸಿದೆ ಎಂದುಕೊಂಡರೂ ಅದು ನೀರಿನಿಂದ ಒಂದು ಆಳೆತ್ತರ ಮೇಲಿದೆ. ಅಲ್ಲಿಂದ ಎಳೆದರೆ ಸುಳ್ಳುಮೀನು ಇಳಿಯುವುದಿಲ್ಲ. ಗಣಿಯಲ್ಲಿ ನಾವು ಮರದ ಕಂಬ ನಿಲ್ಲಿಸುವ ಮುಂಚೆ ಹಾರೆಯಿಂದ ತಲೆಯ ಮೇಲಿನ ಬಂಡೆ ತಟ್ಟುತ್ತಿದ್ದೆವು. ಗಟ್ಟಿಯೋ ಪೊಳ್ಳೋ ಎಂದು ಕೈಗೆ ತಿಳಿಯುತ್ತದೆ. ನನಗೆ ಕಿವಿ ಹೋದ ಮೇಲೂ ಆ ಕೆಲಸ ಕೊಡುತ್ತಿದ್ದರು. ಹೊಸದಾಗಿ ಬಂದವರು ಹಾರೆ ಸರಿಯಾಗಿ ಹಿಡಿಯದೆ ತಟ್ಟಿ, "ಪೊಳ್ಳು, ಪೊಳ್ಳು," ಎಂದು ಕೂಗಿ ಓಡುತ್ತಿದ್ದರು. ಸೆಲ್ವರಾಜನೂ ಮೊದಲ ತಿಂಗಳು ಹಾಗೇ. ಬಂಡೆ ಸರಿ ಇರುತ್ತಿತ್ತು, ಕೈ ಸರಿ ಇರುತ್ತಿರಲಿಲ್ಲ.

ಮೊದಲು ಬಂಡೆಯ ಕೆಳಗಿನ ಮೆಟ್ಟಿಲಿಗೆ ಇಳಿದು, ತುದಿಯನ್ನು ನೀರಿನೊಳಗೇ ಅದ್ದಿ ಎಳೆದು ನೋಡು. ಆದರೂ ತಾಗದಿದ್ದರೆ ನೀರು ಸ್ವಲ್ಪ ಇಳಿದ ಮೇಲೆ ದಿಬ್ಬಕ್ಕೇ ಹೋಗು. ನಾನು ಯಾವಾಗಲೂ ಅಲ್ಲೇ ನಿಲ್ಲುತ್ತಿದ್ದೆ. ದಿಬ್ಬದ ಮೇಲೆ ನಿಂತು ಕೆಳಗಡೆಗೆ ಅಡ್ಡ ಎಸೆದರೆ ನಿನ್ನ ಫೋರ್‌ಮನ್ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಇಳಿಯುವ ರೀತಿ: ಕೋಲನ್ನು ಬಂಡೆಯ ಮೇಲೆ ಇಟ್ಟು ಮೊದಲು ಬರಿಗೈಯಲ್ಲಿ ಇಳಿ. ಹೊಂಗೆಮರ ನೋಡುತ್ತಾ ನೇರ ನಡೆ. ಮೊದಲು ಮೊಣಕಾಲು, ಆಮೇಲೆ ತೊಡೆ, ಅಲ್ಲಿಗೆ ದಿಬ್ಬ ಕಾಲಿಗೆ ಸಿಗುತ್ತದೆ. ಸಿಕ್ಕಿದ ಮೇಲೆ ವಾಪಸ್ಸು ಬಂದು ಕೋಲು ತೆಗೆದುಕೊ. ಚಿತ್ರವನ್ನು ಇನ್ನೂ ಸರಿಯಾಗಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಕಣ್ಣು ಮುಚ್ಚಿದರೆ ಆ ತಳ ನನಗೆ ಅಂಗೈ ಹಾಗೆ ಕಾಣುತ್ತದೆ.

ಶ್ರೀನಿವಾಸಪ್ಪ


ಕಾಮಸಮುದ್ರ
20 ನವೆಂಬರ್ 2022, ಭಾನುವಾರ

ಮಾವನವರಿಗೆ,

ಹರಳೆಣ್ಣೆ ಹಚ್ಚಿದೆ. ಯಾರು ಹೇಳಿದ್ದು ಎಂದು ಅಮ್ಮ ಕೇಳಲಿಲ್ಲ. ಕೇಳದೆ ಇದ್ದುದರಿಂದ ಗೊತ್ತಿದೆ ಎಂದುಕೊಂಡೆ.

ನೀವು ಹೇಳಿದ ಹಾಗೆ ಕೆಳಗಿನ ಮೆಟ್ಟಿಲಿಗೆ ಇಳಿದು ತುದಿ ನೀರಿಗೆ ಅದ್ದಿ ಎಳೆದೆ. ತಾಗಲಿಲ್ಲ. ವೇಣು ಒಂದು ದೊಡ್ಡ ಬೋಲ್ಟು ತಂದಿದ್ದ, ಕಾರ್ಖಾನೆಯದು. ಅದನ್ನು ತಂಗೂಸಿಗೆ ಕಟ್ಟಿ ಗೆರೆಯ ಮೇಲೆ ಎಸೆದು ಬಿಟ್ಟೆವು. ತಂಗೂಸಿ ಹೋಗುತ್ತಲೇ ಇತ್ತು. ನೀರು ಬೋಲ್ಟನ್ನು ಕೆಳಗಡೆಗೆ ತಳ್ಳಿಕೊಂಡು ಹೋಯಿತು ಎಂದು ನಾನು, "ಬೋಲ್ಟು ಮಾಲೂರಿಗೆ ವಾಪಸ್ ಓಯ್ತು," ಎಂದು ಅವನು. ಅಂತೂ ಬಂಡೆಯ ಮೇಲಿಂದ ಇದು ಆಗುವ ಕೆಲಸವಲ್ಲ. ನೀವು ಹೇಳಿದ್ದೇ ಸರಿ, ದಿಬ್ಬಕ್ಕೆ ಹೋಗಬೇಕು.

ಮುಂದಿನ ಭಾನುವಾರ ಚಂದನಾಳ ತವರಿನಲ್ಲಿ ನಾಮಕರಣ. ಅದರ ಮುಂದಿನ ಭಾನುವಾರ, ನಾಲ್ಕನೇ ತಾರೀಖು, ಇಳಿಯುತ್ತೇನೆ. ಅಷ್ಟರಲ್ಲಿ ನೀರೂ ಇಳಿದಿರುತ್ತದೆ. ಮೇಲೆ ನೋಡಿದರೆ ನೀರು ಈಗಲೇ ಶಾಂತವಾಗಿದೆ, ದಿಬ್ಬ ಇರುವ ಕಡೆಯಂತೂ ಅಲುಗಾಡುವುದೇ ಇಲ್ಲ. ಸಿಕ್ಕರೆ ಫೋರ್‌ಮನ್‌ನನ್ನು ಅಮ್ಮನಿಗೆ ತೋರಿಸಿ, ಯಾರು ಕಲಿಸಿದರು ಎಂದು ನಾನೇ ಹೇಳುವವನು. ಕೋಪ ಮಾಡಿಕೊಳ್ಳಬೇಡಿ. ಸಂಕ್ರಾಂತಿಗೆ ನೀವು ಬರಬೇಕು, ಶಶಿರೇಖಳನ್ನೂ ಕರೆದುಕೊಂಡು. ಇದನ್ನು ಬರೆಯಬೇಕೆಂದು ಮೊದಲ ಕಾಗದದಿಂದಲೂ ಇತ್ತು.

ಇವತ್ತು ಚಪ್ಪಲಿ ಕಿತ್ತುಹೋಗಿ ಹೊಳೆಯಿಂದ ಮನೆಗೆ ಬರಿಗಾಲಲ್ಲೇ ಬಂದೆ. ಹಿತವಾಗಿತ್ತು. ಬೇಸಿಗೆಯೆಲ್ಲ ನಮ್ಮ ಹೊಲದ ಅಂಚಿನಲ್ಲೇ ಟ್ರಾಕ್ಟರುಗಳು ಓಡಾಡಿದವು. ದಾರಿ ಅಗಲ ಮಾಡಿಕೊಡುತ್ತೇವೆ, ನಿನ್ನ ಹಾಲಿನ ಗಾಡಿಗೂ ಆಗುತ್ತದೆ ಎಂದರು, ಆಗಲಿ ಎಂದೆ. ಅವುಗಳಿಂದ ಸುರಿದ ಮರಳು ದಾರಿಯುದ್ದಕ್ಕೂ ಮೆತ್ತಗೆ ಹಾಸಿಕೊಂಡಿದೆ.

ಸುಧಾಕರ್


ಹಟ್ಟಿ
1 ಡಿಸೆಂಬರ್ 2022, ಗುರುವಾರ

ಸುಧಾಕರ,

ನೀರಿಗೆ ಇಳಿಯಬೇಡ.

ನಿನ್ನ ಕಾಗದ ಸೋಮವಾರ ಸಿಕ್ಕಿತು. ಓದಿದೆ. ಸಂಕ್ರಾಂತಿ ಎಂದು ಬರೆದಿದ್ದೀಯಲ್ಲ, ಅದನ್ನೇ ಮತ್ತೆ ಮತ್ತೆ ಓದಿದೆ. ಉಳಿದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಇವತ್ತು ಬೆಳಗ್ಗೆ ಪಕ್ಕದ ಸೈಟಿನಲ್ಲಿ ಮನೆ ಕಟ್ಟುವವರು ಒಂದು ಲೋಡು ಮರಳು ಹಾಕಿಸಿದರು. ದಾರಿ ತುಂಬ ಚೆಲ್ಲಿತ್ತು. ಹಾಲು ತರಲು ಹೋಗುವಾಗ ಅದರ ಮೇಲೆ ಕಾಲಿಟ್ಟೆ. ಹಸಿಯಾಗಿತ್ತು, ಒಳಗೆ ಕಪ್ಪೆಚಿಪ್ಪು ಇತ್ತು. ಅಲ್ಲೇ ನಿಂತೆ.

ಟ್ರಾಕ್ಟರು ಬೇಸಿಗೆಯೆಲ್ಲ ಓಡಾಡಿದ್ದು ಯಾತಕ್ಕೆ ಎಂದು ನೀನು ಬರೆದಿಲ್ಲ. ಬರೆಯಬೇಕಾಗಿಲ್ಲ. ಹೊಳೆ ಒಣಗಿದಾಗ ದಿಬ್ಬ ಮೇಲೆ ಕಾಣುತ್ತದೆ. ಮೊದಲು ಅದನ್ನೇ ತೆಗೆಯುತ್ತಾರೆ. ತೆಗೆದ ಮೇಲೂ ನಿಲ್ಲಿಸುವುದಿಲ್ಲ, ಅದರ ಬುಡವನ್ನೂ ತೋಡುತ್ತಾರೆ. ಆಮೇಲೆ ಮಳೆ ಬಂದು ಎಲ್ಲ ಒಂದೇ ಮಟ್ಟ. ನೀರು ಅಲ್ಲಿ ಅಲುಗಾಡುವುದಿಲ್ಲ ಎಂದೆಯಲ್ಲ, ಸೊಂಟದಷ್ಟು ನೀರು ಮರಳಿನ ಮೇಲೆ ಸುಕ್ಕುಗಟ್ಟಿ ಓಡುತ್ತದೆ. ಅಲುಗಾಡದ್ದು ಗುಂಡಿಯ ನೀರು. ನೀನು ಹಾರೆ ಸರಿಯಾಗಿಯೇ ಹಿಡಿದಿದ್ದೆ. ಸುಳ್ಳುಮೀನು ಮುಟ್ಟಲಿಲ್ಲ, ಬೋಲ್ಟು ಮುಟ್ಟಲಿಲ್ಲ. ಬಂಡೆಯೇ ಪೊಳ್ಳು.

ತೋಡಿದ ಗುಂಡಿಯ ಅಂಚು ಕಾಲಿಟ್ಟರೆ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಈಜು ಬಂದರೂ ಅಷ್ಟೆ.

ಈ ಕಾಗದ ಸೋಮವಾರದ ಮುಂಚೆ ನಿನಗೆ ಸಿಗುವುದಿಲ್ಲ. ನೀನು ಇಳಿಯುವುದು ಭಾನುವಾರ. ನಿನ್ನ ನಂಬರ್ ನಾನು ಒಲೆಗೆ ಹಾಕಿದೆ. ಅದು ಇರುವುದು ಶಶಿಯ ಫೋನಿನಲ್ಲಿ, ಮಾತಾಡದ ಹಾಗೆ ತಡೆಹಾಕಿ ಇಟ್ಟಿದ್ದಾಳೆ. ಅವಳನ್ನು ಕೇಳಬೇಕು. ಕೇಳಿದರೆ ಎರಡು ತಿಂಗಳಿಂದ ನಾನು ಮಾಡಿದ್ದೆಲ್ಲ ಹೇಳಬೇಕು.

ಈಗ ಅವಳು ಒಳಗೆ ಸೀರೆ ಇಸ್ತ್ರಿ ಮಾಡುತ್ತಿದ್ದಾಳೆ. ನಾಳೆ ಶಾಲೆಯಲ್ಲಿ ಏನೋ ತಪಾಸಣೆ, ಮುಖ ಗಂಟುಹಾಕಿಕೊಂಡಿದ್ದಾಳೆ. ಅದು ಮುಗಿಯಲಿ. ಭಾನುವಾರಕ್ಕೆ ಇನ್ನೂ ಸಮಯವಿದೆ. ಶನಿವಾರ ಬೆಳಗ್ಗೆ ಕೇಳುತ್ತೇನೆ.

ಶ್ರೀನಿವಾಸಪ್ಪ


ಕಾಮಸಮುದ್ರ
11 ಡಿಸೆಂಬರ್ 2022, ಭಾನುವಾರ

ಮಾವನವರಿಗೆ,

ಶಶಿರೇಖ ಮೂರನೇ ತಾರೀಖು ಶನಿವಾರ ಫೋನ್ ಮಾಡಿದಳು. ನಾನು ಕಾರ್ಖಾನೆಯಲ್ಲಿ ಟೀಗೆ ಎದ್ದಿದ್ದೆ. "ನಾನು ಶಶಿ. ನೀನು ನೀರಿಗೆ ಇಳೀಬಾರ್ದಂತೆ. ಅಲ್ಲಿ ಮರಳಿಲ್ವಂತೆ. ಅಪ್ಪ ಎದುರಿಗೇ ನಿಂತವ್ರೆ," ಎಂದಳು. ಅಷ್ಟು ವರ್ಷದ ಮೇಲೆ ಅವಳ ಧ್ವನಿ. ನಕ್ಕುಬಿಟ್ಟೆ. "ಡ್ಯೂಟಿಲಿ ಇದೀನಿ ಶಶಿ. ಯಾರ್ ಇಳೀತಾರೆ?" ಎಂದೆ. ಸರಿ ಎಂದು ಇಟ್ಟಳು.

ಇಟ್ಟ ಮೇಲೆ ನೆನಪಾಯಿತು.

ಹಿಂದಿನ ದಿನ, ಶುಕ್ರವಾರ ಸಂಜೆ, ಟ್ರೈನಿನಲ್ಲಿ ವೇಣು, ತನ್ನ ವಾರದ ರಜೆ ನಾಳೆಗೆ ಬದಲಾಗಿದೆ ಎಂದ. "ನಿನಗಿಂತ ಒಂದಿನ ಮುಂಚೆ ಫೋರ್‌ಮನ್‌ನ ನಾನ್ ಕರ್ಕಂಬತ್ತೀನಿ ನೋಡು. ಆಮೇಲೆ ನಿಮ್ ಮಾವಂಗೆ ನಾನೇ ಕಾಗ್ದ ಬರೀತೀನಿ, ತಮಿಳಲ್ಲಿ. ಓದ್ಲಿ ಕಷ್ಟಪಟ್ಟು." ನನ್ನ ಜೊತೆ ಕಾಮಸಮುದ್ರದಲ್ಲೇ ಇಳಿದು ಮನೆವರೆಗೂ ಬಂದು ಕೋಲು ತೆಗೆದುಕೊಂಡು ಹೋದ. ಉದ್ದ ನಾಲಿಗೆಯದನ್ನು ನಾನೇ ಕಟ್ಟಿಕೊಟ್ಟೆ. ದಿಬ್ಬಕ್ಕೆ ಇಳಿಯುವ ರೀತಿ ಬರೆದ ನಿಮ್ಮ ಕಾಗದವನ್ನೂ ಕೊಟ್ಟೆ. ಅವನಿಗೆ ಕನ್ನಡ ಅಕ್ಷರ ಕೂಡಿಸಿ ಓದಲು ಬರುತ್ತದೆ.

ಫೋನ್ ಮಾಡಿದೆ. ರಿಂಗ್ ಆಗುತ್ತಿತ್ತು. ಮತ್ತೆ ಮಾಡಿದೆ. ಚಂದನಾಗೆ ಮಾಡಿದೆ, ಅವಳು ಹೊಲದಲ್ಲಿದ್ದವಳು ಓಡಿದಳು. ದುಂಡುಬಂಡೆಯ ಮೇಲೆ ಅವನ ಚಪ್ಪಲಿ, ಮಡಿಸಿದ ಶರ್ಟು. ನಿಮ್ಮ ಕಾಗದ ಹಾರದ ಹಾಗೆ ಅದರ ಮೇಲೆ ಫೋನು. ನಾನು ಮಾಡುತ್ತಿದ್ದ ಫೋನು ಅವಳ ಎದುರಿಗೇ ಹೊಳೆಯುತ್ತಿತ್ತಂತೆ. ಕೋಲು ಬಂಡೆಯ ಮೇಲೆ ಒರಗಿತ್ತು. ನೀವು ಬರೆದ ಹಾಗೇ ಮೊದಲು ಬರಿಗೈಯಲ್ಲಿ ಇಳಿದಿದ್ದಾನೆ.

ಅಗ್ನಿಶಾಮಕದವರು ಬಂದರು. ಕತ್ತಲಾಗುವವರೆಗೂ ಕೊಕ್ಕೆ ಹಾಕಿ ಎಳೆದರು, ಭಾನುವಾರ ಬೆಳಗ್ಗೆ ಮತ್ತೆ ಎಳೆದರು. ಅವರ ಹಗ್ಗವೂ ಬಹಳ ಆಳಕ್ಕೆ ಹೋಗುತ್ತಿತ್ತು. ಸಿಗಲಿಲ್ಲ. ಊರಿಗಾಮಿನಿಂದ ಕದಿರಮ್ಮನನ್ನೂ ಅವನ ಹೆಂಡತಿ ರಾಧಾಮಣಿಯನ್ನೂ ಆಟೋದಲ್ಲಿ ಕರೆದುಕೊಂಡು ಬಂದಿದ್ದರು. ಕದಿರಮ್ಮ ಬಂಡೆಯ ಮೇಲಿಂದ ಏಳಲಿಲ್ಲ. ಅಳಲೂ ಇಲ್ಲ. ನನ್ನನ್ನು ನೋಡಿ, "ಅಲ್ಲಿ ಮಣಲು ಐತೆ ಅಂತ ಯಾರಪ್ಪಾ ಏಳಿದ್ದು?" ಎಂದು ಕೇಳಿದರು. ಒಂದೇ ಸಲ. ನಮ್ಮ ಅಮ್ಮ ಅವರ ಪಕ್ಕದಲ್ಲೇ ಕೂತಿದ್ದಳು. ಅಮ್ಮ ನನ್ನ ಕೈಯಲ್ಲಿದ್ದ ಕೋಲನ್ನು ನೋಡಿದಳು, ಆಮೇಲೆ ಬೇರೆ ಕಡೆ ನೋಡಿದಳು.

ಕೊಕ್ಕೆಯವರು ಊಟಕ್ಕೆ ಹೋದರು. ನಾನು ಕೆಳಗಿನ ಮೆಟ್ಟಿಲಿಗೆ ಇಳಿದೆ. ಬೇರೆ ಏನೂ ನನಗೆ ಬರುವುದಿಲ್ಲ. ಹೊಂಗೆಮರದ ಗೆರೆ ಬಿಟ್ಟು ಅದಕ್ಕಿಂತ ಕೆಳಗಡೆಗೆ, ನಿಂತ ನೀರಿನ ಅಂಚಿಗೆ ಎಸೆದೆ. ತುದಿ ನೀರಿಗೆ ಅದ್ದಿ, ನಿಧಾನವಾಗಿ ಸುತ್ತಿದೆ. ಮಿಡಿತ ಬಂತು. ತಳ ಮುಟ್ಟಲಿಲ್ಲ. ತೆಗೆದು ಮತ್ತೆ ಎಸೆದೆ. ಇನ್ನೂ ಕೆಳಗಡೆಗೆ ಒಂದು ಕಡೆ ಮೊದಲ ಸಲ ಕರಕರ ಎಂದಿತು. ಒಂದು ತಿಂಗಳಿಂದ ಅದಕ್ಕಾಗಿಯೇ ಕಾದಿದ್ದೆ. ಅದರ ಪಕ್ಕದಲ್ಲಿ ಮಿಡಿತ ನಿಂತಿತು.

ನಾನು ಜಗ್ಗಲಿಲ್ಲ, ಮಾವ. ಕಾದೆ. ಆಮೇಲೆ ಸ್ವಲ್ಪ ಎಳೆದೆ. ಭಾರ ಹೆಚ್ಚಿತು. ಎದುರಿಗೆ ಎಳೆಯಲಿಲ್ಲ. ರಾಧಾಮಣಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ತಿಳಿಯುವ ಮುಂಚೆ ನನ್ನ ಕೈಗೆ ತಿಳಿದಿತ್ತು.

ಪೊಲೀಸರು ನಿಮ್ಮ ಕಾಗದ ತೆಗೆದುಕೊಂಡು ಹೋಗಿದ್ದಾರೆ. ಬರೆದವರು ಯಾರು ಎಂದು ಕೇಳಿದರು, ಹೇಳಿದೆ. ಟ್ರಾಕ್ಟರಿನವರು ಯಾರು ಎಂದು ಕೇಳಲಿಲ್ಲ. ಕೇಳದೆಯೇ ನಾನು ಹೇಳಿದೆ, ದಾರಿ ಬಿಟ್ಟವನು ನಾನು ಎಂದೂ ಹೇಳಿದೆ. ಅದನ್ನು ಬರೆದುಕೊಳ್ಳಲಿಲ್ಲ.

ನಿಮ್ಮ ಒಂದನೇ ತಾರೀಖಿನ ಕಾಗದ ಮಂಗಳವಾರ ಬಂತು. ಅವತ್ತೇ ಮಧ್ಯಾಹ್ನ ಹೊಲದ ಅಂಚಿನ ದಾರಿಗೆ ಅಡ್ಡವಾಗಿ ಕಲ್ಲು ಹಾಕಿದೆ. ಒಬ್ಬನೇ ಉರುಳಿಸಲು ಆಗದಂಥವು, ಚಂದನಾಳೂ ಹಾರೆ ಹಿಡಿದಳು. ಅಮ್ಮ ಮಂಡಿ ನೋವಿನಲ್ಲೂ ಬಂದು ನಿಂತು ನೋಡಿದಳು. ತಿರುವಿನಲ್ಲಿ ಒಂದು ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದೇನೆ.

ಕೋಲು ಮತ್ತೆ ಅಟ್ಟದ ಮೇಲಿದೆ. ಉದ್ದ ನಾಲಿಗೆಯ ಸುಳ್ಳುಮೀನು ಡಬ್ಬಿಯಲ್ಲಿಲ್ಲ. ದಡಕ್ಕೆ ತಂದ ಮೇಲೆ ವೇಣುವಿನ ಬಟ್ಟೆಯಿಂದ ಅದನ್ನು ಬಿಡಿಸಲು ನನ್ನ ಕೈ ಬರಲಿಲ್ಲ. ತಂಗೂಸಿ ಕತ್ತರಿಸಿದೆ.

ಇವತ್ತು ಬೆಳಗ್ಗೆ ಹಾಲಿಗೆ ಹೋಗುವಾಗ ನೋಡಿದೆ. ನೀರು ಇಳಿಯುತ್ತಿದೆ. ಕಲ್ಲುಗಳನ್ನು ಯಾರೋ ಎತ್ತಿ ದಾರಿಯ ಎರಡೂ ಕಡೆ ಸಾಲಾಗಿ ಜೋಡಿಸಿಟ್ಟಿದ್ದಾರೆ. ಹಾಲಿನ ಗಾಡಿ ಹೋಗುವುದಕ್ಕಿಂತ ತುಸು ಹೆಚ್ಚೇ, ಟ್ರಾಕ್ಟರಿಗೆ ಆಗುವಷ್ಟು ಜಾಗ ಬಿಟ್ಟಿದ್ದಾರೆ.

ಸುಧಾಕರ್